ಸಪ್ಪೆಯೆಂಬ ಹೆಸರು ಹೊತ್ತ ಪರಿಮಳ

ಬೇಸಿಗೆಯ ರಜೆಗೆಂದು ತುಮಕೂರಿಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ನನ್ನ ಓದುವ ಮೇಜಿನ ಬಳಿ ನಿಂತು, “ತಾತ, ವೆನಿಲ್ಲಾ ಮಿಲ್ಕ್‌ಶೇಕ್ ಮಾಡಿಕೊಡು” ಎಂದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿ ನಿವೃತ್ತನಾದ ನನಗೆ ಇಂಥ ಪ್ರಶ್ನೆಪತ್ರಿಕೆ ಎಂದೂ ಎದುರಾಗಿರಲಿಲ್ಲ. ಆ ಪರೀಕ್ಷೆಯಲ್ಲಿ ನಾನು ಕಲಿತದ್ದನ್ನು ಕೇಳುಗರೊಡನೆ ಹಂಚಿಕೊಳ್ಳುವುದು ಈ ಭಾಷಣದ ಉದ್ದೇಶ.

ಮಿಲ್ಕ್‌ಶೇಕನ್ನು ಕನ್ನಡಿಸಹೊರಟರೆ ‘ಕಡೆದ ಹಾಲು’ ಎನ್ನಬೇಕಾದೀತು. ಆದರೆ ನಮ್ಮ ಮನೆಗಳಲ್ಲಿ ಹಾಲನ್ನು ಕಾಯಿಸುವುದುಂಟು, ಹೆಪ್ಪು ಹಾಕುವುದುಂಟು; ಕಡೆಯುವುದು ಮೊಸರನ್ನು. ಹಾಲನ್ನೇ ಕಡೆದವರೆಂದರೆ ಪುರಾಣದ ದೇವದಾನವರು ಮಾತ್ರ. ಅವರ ಮಂದರಪರ್ವತದ ಕೆಲಸವನ್ನು ಈಗ ಮಿಕ್ಸಿ ಮಾಡುತ್ತದೆ. ಪಾತ್ರೆಯ ತಳದಲ್ಲಿ ಅಲಗು ತಿರುಗುವ ಯಂತ್ರವೊಂದನ್ನು ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬಾತ 1922ರಲ್ಲಿ ಅಮೆರಿಕೆಯಲ್ಲಿ ರೂಪಿಸಿದ. ಈ ಪೇಯವು ಇಂದಿನ ರೂಪಕ್ಕೆ ಬಂದುದು ಅಂಥ ಯಂತ್ರಗಳಿಂದ.

ಮೊದಲು ಹಾಲಿನ ವಿಚಾರ. ಎರಡು ಪಾಲು ವೆನಿಲ್ಲಾ ಐಸ್‌ಕ್ರೀಮಿಗೆ ಒಂದು ಪಾಲು ತಣ್ಣನೆಯ ಹಾಲು ಸೇರಿಸಿ ಅರ್ಧ ನಿಮಿಷ ತಿರುಗಿಸಿದರೆ ಮಿಲ್ಕ್‌ಶೇಕ್ ಸಿದ್ಧ. ಐಸ್‌ಕ್ರೀಮ್ ಇಲ್ಲದ ಮನೆಯವರೂ ನಿರಾಶರಾಗಬೇಕಿಲ್ಲ. ಅರ್ಧ ಲೀಟರ್ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿ ಕಾಲು ಭಾಗ ಇಂಗುವವರೆಗೆ ಕಾಯಿಸಿ, ನಾಲ್ಕು ದೊಡ್ಡ ಚಮಚ ಸಕ್ಕರೆಯನ್ನೂ ಚಿಟಿಕೆ ಉಪ್ಪನ್ನೂ ಹಾಕಿ ಆರಿಸಬೇಕು. ಅದರಲ್ಲಿ ಮೂರರಲ್ಲೆರಡು ಭಾಗವನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹರವಿ ಫ್ರಿಜ್ಜಿನ ಮೇಲಿನ ಅರೆಯಲ್ಲಿ ನಾಲ್ಕೈದು ಗಂಟೆ ಗಡ್ಡೆ ಕಟ್ಟಲು ಬಿಡಬೇಕು. ಉಳಿದುದನ್ನು ಕೆಳಗೆ ತಣ್ಣಗಿಡಬೇಕು. ಆಮೇಲೆ ಗಡ್ಡೆಯನ್ನು ಚೂರು ಮಾಡಿ, ತಣ್ಣನೆಯ ಹಾಲಿನೊಡನೆ ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿದರಾಯಿತು.

ಅರ್ಧ ನಿಮಿಷವೇ ಏಕೆ? ಹಾಲಿನಲ್ಲಿರುವ ಪ್ರೋಟೀನು ಗಾಳಿಯ ಗುಳ್ಳೆಗಳನ್ನು ಹಿಡಿದು ನೊರೆಯಾಗಿಸುತ್ತದೆ. ತಂಪಿನಲ್ಲಿ ಗಟ್ಟಿಯಾದ ಕೊಬ್ಬಿನ ಕಣಗಳು ಪೇಯಕ್ಕೆ ಮೈ ತುಂಬಿಕೊಡುತ್ತವೆ. ಹೆಚ್ಚು ಹೊತ್ತು ತಿರುಗಿಸಿದರೆ ಅಲಗಿನ ಘರ್ಷಣೆಯಿಂದಲೇ ಬಿಸಿ ಹುಟ್ಟಿ, ಹಿಮದ ಹರಳುಗಳು ಕರಗಿ ಎಲ್ಲವೂ ನೀರಾಗುತ್ತದೆ. ಕೆನೆ ತೆಗೆದ ಹಾಲು ನೊರೆಯನ್ನು ಧಾರಾಳವಾಗಿ ಕೊಟ್ಟರೂ ನಾಲಗೆಗೆ ತೆಳ್ಳಗೆ ತೋರುತ್ತದೆ. ಬರಿಯ ಐಸ್ ತುಂಡು ಹಾಕುವುದಂತೂ ಹಾಲಿಗೆ ನೀರು ಬೆರೆಸಿದಂತೆಯೇ ಸರಿ. ಕುಣಿಗಲ್ ಸೀಮೆಯ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ನನ್ನ ತಂಗಿ ಇದನ್ನು ಕೇಳಿ, “ಹಾಲು ಚೆನ್ನಾಗಿದ್ದರೆ ಸಾಲದೇ ಅಣ್ಣಯ್ಯ? ಅದಕ್ಕೆ ಹೂವಿನ ವಾಸನೆ ಬೇರೆ ಯಾಕೆ?” ಎಂದಳು. ಆ ಪ್ರಶ್ನೆಯಲ್ಲಿಯೇ ನನ್ನ ಮುಂದಿನ ಮಾತಿದೆ.

ವೆನಿಲ್ಲಾ ಎಂಬುದು ಆರ್ಕಿಡ್ ಜಾತಿಯ ಬಳ್ಳಿಯೊಂದರ ಕೋಡು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ‘ಪುಟ್ಟ ಒರೆ’ ಎಂದು ಅರ್ಥ. ಅದರ ಹೂವು ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಗಂಡು ಹೆಣ್ಣು ಭಾಗಗಳ ನಡುವೆ ತೆಳುವಾದ ಪೊರೆಯೊಂದು ಅಡ್ಡವಾಗಿರುತ್ತದೆ. ತವರಾದ ಮೆಕ್ಸಿಕೊದ ಹೊರಗೆ ಬಳ್ಳಿ ಬೆಳೆದರೂ ಕಾಯಿ ಕಚ್ಚದೆ ಜನ ಬಹುಕಾಲ ಕಂಗೆಟ್ಟರು. 1841ರಲ್ಲಿ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಒಂದು ಕಡ್ಡಿಯಿಂದ ಆ ಪೊರೆಯನ್ನು ಎತ್ತಿ ಹೆಬ್ಬೆರಳಿನಿಂದ ಪರಾಗವನ್ನು ಒತ್ತುವ ಉಪಾಯವನ್ನು ತೋರಿಸಿಕೊಟ್ಟ. ಜಗತ್ತಿನ ವೆನಿಲ್ಲಾ ತೋಟಗಳು ಇಂದಿಗೂ ಆ ಬಾಲಕನ ಕೈಚಳಕವನ್ನೇ ನಂಬಿವೆ. ಅವನಾದರೋ 1880ರಲ್ಲಿ ಬಡತನದಲ್ಲಿಯೇ ತೀರಿಕೊಂಡ.

ಹಸಿಯ ಕೋಡಿಗೆ ಪರಿಮಳವಿಲ್ಲ. ಒಂಬತ್ತು ತಿಂಗಳು ಬಳ್ಳಿಯಲ್ಲಿ ಬಲಿತದ್ದನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನವೂ ಸ್ವಲ್ಪ ಹೊತ್ತು ಬಿಸಿಲಿಗೆ ಹಿಡಿದು, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಕಂದುಗಪ್ಪಾಗಿ ಗಂಧವನ್ನು ಬಿಡುತ್ತದೆ. ಒಂದು ಕಿಲೋ ಹದವಾದ ಕೋಡಿಗೆ ಐದಾರು ಕಿಲೋ ಹಸಿಕಾಯಿ ಬೇಕು. ಆ ಗಂಧದ ಮುಖ್ಯ ಸತ್ತ್ವವಾದ ವೆನಿಲಿನ್ನನ್ನು 1874ರಲ್ಲಿಯೇ ಜರ್ಮನ್ ರಸಾಯನಶಾಸ್ತ್ರಜ್ಞರು ಕೃತಕವಾಗಿ ತಯಾರಿಸಿದರು. ಅಂಗಡಿಯ ಅಗ್ಗದ ಎಸೆನ್ಸ್ ಸೀಸೆಯಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಅದರಲ್ಲಿ ದೋಷವೇನಿಲ್ಲ, ಆದರೆ ನಿಜವಾದ ಕೋಡಿನಲ್ಲಿ ಅದರೊಡನೆ ನೂರಾರು ಸೂಕ್ಷ್ಮ ಗಂಧಗಳು ಬೆರೆತಿರುತ್ತವೆ.

ಈ ಬಳ್ಳಿ ನಮ್ಮ ನಾಡಿನ ರೈತರನ್ನು ಆಡಿಸಿದ ಬಗೆಯನ್ನೂ ಹೇಳಬೇಕು. 2000ದ ಚಂಡಮಾರುತ ಮಡಗಾಸ್ಕರದ ತೋಟಗಳನ್ನು ಹಾಳುಮಾಡಿದ ಮೇಲೆ ಬೆಲೆ ಗಗನಕ್ಕೇರಿತು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಕೆ ಮರಗಳ ನಡುವೆ ವೆನಿಲ್ಲಾ ಹಬ್ಬಿತು. ಹಸಿಕಾಯಿ ಕಿಲೋಗೆ ಸಾವಿರಾರು ರೂಪಾಯಿಗೆ ಮಾರಿತು. ಕಳ್ಳರಿಗೆ ಹೆದರಿ ಜನ ರಾತ್ರಿ ತೋಟ ಕಾದರು. ಗುಬ್ಬಿಯ ಬಳಿ ಅಡಕೆ ತೋಟವಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ ಮಲೆನಾಡಿನಿಂದ ಬಳ್ಳಿಯ ತುಂಡುಗಳನ್ನು ತಂದು ನೆಟ್ಟ. ಅವನ ಬಳ್ಳಿ ಹೂ ಬಿಡುವ ಹೊತ್ತಿಗೆ, 2004ರ ಈಚೆಗೆ, ಬೆಲೆ ನೆಲ ಕಚ್ಚಿತ್ತು. ಕೊಳೆರೋಗವೂ ಬಂತು. ಸಾಲ ತೀರಿಸಲು ಒಂದು ಎಕರೆ ಮಾರಿದ. 2017ರ ಸುಮಾರಿಗೆ ಬೆಲೆ ಮತ್ತೆ ಮುಗಿಲು ಮುಟ್ಟಿದಾಗ ಅವನ ತೋಟದಲ್ಲಿ ಉಳಿದಿದ್ದುದು ಬಾವಿಯ ಪಕ್ಕದ ಗೊಬ್ಬರದ ಗಿಡಕ್ಕೆ ಹಬ್ಬಿದ ಒಂದೇ ಬಳ್ಳಿ. ಅದರ ಹೂಗಳಿಗೆ ಅವನು ಇಂದಿಗೂ ಬೆಳಗ್ಗೆ ಎದ್ದು ಕಡ್ಡಿ ಹಿಡಿದು ಪರಾಗ ಮುಟ್ಟಿಸುತ್ತಾನೆ. “ಲಾಭಕ್ಕಲ್ಲ ಮೇಷ್ಟ್ರೇ, ಕಲಿತ ಕೈ ಸುಮ್ಮನಿರೋಲ್ಲ” ಎಂದು, ಯುಗಾದಿಯ ಹೊತ್ತಿಗೆ ನಾಲ್ಕೈದು ಕೋಡುಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಡುತ್ತಾನೆ.

ಮೊಮ್ಮಗಳಿಗಾಗಿ ಅಂಥ ಅರ್ಧ ಕೋಡನ್ನು ಉದ್ದಕ್ಕೆ ಸೀಳಿ, ಒಳಗಿನ ಬೀಜವನ್ನು ಚಾಕುವಿನ ಬೆನ್ನಿನಿಂದ ಕೆರೆದು, ಸಿಪ್ಪೆಯ ಸಮೇತ ಬಿಸಿ ಹಾಲಿಗೆ ಹಾಕಿ, ಒಲೆಯಿಂದಿಳಿಸಿ ಮುಚ್ಚಿಟ್ಟೆ. ಆರಿದ ಮೇಲೆ ಸಿಪ್ಪೆ ತೆಗೆದು, ತೊಳೆದು ಒಣಗಿಸಿ ಸಕ್ಕರೆ ಡಬ್ಬಿಗೆ ಹಾಕಿದೆ. ಸಕ್ಕರೆಗೂ ಪರಿಮಳ ಹತ್ತುತ್ತದೆ. ಎಸೆನ್ಸ್ ಬಳಸುವವರು ಹಾಲು ಆರಿದ ಮೇಲೆ ಅರ್ಧ ಚಹಾ ಚಮಚ ಹಾಕಿದರೆ ಸಾಕು. ಬಿಸಿಯಲ್ಲಿ ಅದರ ಗಂಧ ಹಾರಿಹೋಗುತ್ತದೆ. ಏಲಕ್ಕಿ ಹಾಕಿದ ಹಾಲಿನಲ್ಲಿ ನಾವು ಏಲಕ್ಕಿಯನ್ನು ಗುರುತಿಸುತ್ತೇವೆ. ವೆನಿಲ್ಲಾ ತಾನು ಹಿಂದೆ ನಿಂತು ಹಾಲಿನ ಸವಿಯನ್ನೇ ಮುಂದೆ ಮಾಡುತ್ತದೆ. ತಂಗಿಯ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು.

ಇಂಗ್ಲಿಷಿನವರು ಸಪ್ಪೆಯಾದುದನ್ನು, ವಿಶೇಷವಿಲ್ಲದುದನ್ನು ‘ವೆನಿಲ್ಲಾ’ ಎಂದು ಕರೆಯುವ ರೂಢಿಯಿದೆ. ಹೂವೊಂದಕ್ಕೆ ಒಂದು ಕೈ ಬೇಡುವ, ವರ್ಷಪೂರ್ತಿ ಕಾಯಿಸುವ ಬೆಳೆಗೆ ಈ ಅರ್ಥ ಅಂಟಿತಲ್ಲ ಎಂದು ಭಾಷೆಯ ಮೇಷ್ಟ್ರಾದ ನನಗೆ ಕೊಂಚ ವ್ಯಸನ.

ಲೋಟ ಕೈಗಿತ್ತಾಗ ಮೊಮ್ಮಗಳು ಹುಬ್ಬು ಗಂಟಿಕ್ಕಿ, “ತಾತ, ಇದರಲ್ಲಿ ಕಪ್ಪಗೆ ಏನೋ ಕಸ ಬಿದ್ದಿದೆ” ಎಂದಳು. ಅದು ಕಸವಲ್ಲವೆಂದು ಹೇಳಿ, ಆ ಕಾಳುಗಳ ಕಥೆಯನ್ನು ರೀಯೂನಿಯನ್ನಿನಿಂದ ಗುಬ್ಬಿಯವರೆಗೆ ವಿವರಿಸಿದೆ. ಕಥೆ ಮುಗಿಯುವ ಮೊದಲೇ ಲೋಟ ಬರಿದಾಗಿತ್ತು. ತಳದಲ್ಲಿ ಉಳಿದಿದ್ದ ನಾಲ್ಕು ಕಪ್ಪು ಚುಕ್ಕೆಗಳನ್ನೂ ಅವಳು ಬೆರಳಿನಿಂದ ಬಳಿದು ನೆಕ್ಕಿದಳು.