ಆರು ತಿಂಗಳ ಹಿತ್ತಿಲು

ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗಿನಲ್ಲಿ ಗಣೇಶನ ಹಬ್ಬಕ್ಕೆ ಗರಿಕೆ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಮನೆಗಳ ಮುಂದೆ ಒಪ್ಪವಾಗಿ ಕತ್ತರಿಸಿಟ್ಟ ಬರ್ಮುಡಾ ಹುಲ್ಲು ನಮ್ಮ ಗರಿಕೆಯದೇ ಕುಲ. ದಕ್ಷಿಣ ಜಾರ್ಜಿಯಾದ ಟಿಫ್ಟನ್ ಸಂಶೋಧನಾ ಕೇಂದ್ರದವರು ಗರಿಕೆಗೆ ಆಫ್ರಿಕಾದ ಇನ್ನೊಂದು ಹುಲ್ಲನ್ನು ಬೆರಕೆ ಮಾಡಿ 1960ರಲ್ಲಿ ಹೊರತಂದ ತಳಿ ಈಗ ಗಾಲ್ಫ್ ಮೈದಾನಗಳಿಂದ ಹಿಡಿದು ಮನೆಯಂಗಳದವರೆಗೆ ಹಬ್ಬಿದೆ. ಆದರೆ ಕಳೆನಾಶಕ ಹೊಡೆದ ಅಂಗಳದ ಹುಲ್ಲನ್ನು ದೇವರಿಗೆ ಏರಿಸುವುದಕ್ಕೆ ಮನಸ್ಸು ಬರಬೇಕಲ್ಲ. ಅದಕ್ಕೆ ಮನೆಯ ಹಿರಿಯರು ಹಿತ್ತಿಲಿಗೆ ಹೋಗುತ್ತಾರೆ. ಅಲ್ಲಿ ಬದನೆ ಮಡಿಗೆ ನುಗ್ಗಿ, ಬೇಸಿಗೆಯಿಡೀ ಬೈಸಿಕೊಂಡ ಗರಿಕೆ ಆ ಒಂದು ಬೆಳಿಗ್ಗೆ ಮಾತ್ರ ಮರ್ಯಾದೆಯಿಂದ ಕೀಳಿಸಿಕೊಳ್ಳುತ್ತದೆ.

ಅಟ್ಲಾಂಟಾದಿಂದ ಜಾರ್ಜಿಯಾ 400 ಹೆದ್ದಾರಿ ಹಿಡಿದು ಸುಮಾರು ನಲವತ್ತು ಮೈಲಿ ಉತ್ತರಕ್ಕೆ ಬಂದರೆ ಕಮ್ಮಿಂಗ್. ಫಾರ್ಸೈತ್ ಕೌಂಟಿಯ ಕೇಂದ್ರ. ಒಂದು ಕಡೆ ಸಾನೀ ಬೆಟ್ಟ, ಇನ್ನೊಂದು ಕಡೆ ಲೇನಿಯರ್ ಸರೋವರ. ಕಳೆದ ಎರಡು ದಶಕಗಳಲ್ಲಿ ಇಲ್ಲಿಗೆ ಬಂದು ನೆಲೆಸಿದ ಭಾರತೀಯ ಕುಟುಂಬಗಳಲ್ಲಿ ಕನ್ನಡದವರೂ ಸಾಕಷ್ಟಿದ್ದಾರೆ. ದುಡಿಯುವವರು ಮಕ್ಕಳು, ಸೊಸೆಯಂದಿರು, ಅಳಿಯಂದಿರು. ಹಿತ್ತಿಲನ್ನು ಆಳುವವರು ಮಾತ್ರ ಹಾಸನ, ಮಂಡ್ಯ, ಶಿರಸಿ, ಧಾರವಾಡಗಳಿಂದ ಬಂದ ಅಪ್ಪ ಅಮ್ಮಂದಿರು.

ಇದಕ್ಕೆ ಕಾರಣ ವೀಸಾ ಅಂದರೆ ನಗಬೇಡಿ. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳ ವಾಸ. ಚಳಿಗೆ ಹೆದರುವ ಹಿರಿಯರು ಏಪ್ರಿಲಿನಲ್ಲಿ ಬಂದು ದಸರೆ ದೀಪಾವಳಿಯ ಹೊತ್ತಿಗೆ ಹೊರಡುತ್ತಾರೆ. ಗಿಡ ಕರಕಾಗಿಸುವ ಫ್ರಾಸ್ಟ್ ಇಲ್ಲಿ ಕೊನೆಯದಾಗಿ ಬೀಳುವುದು ಏಪ್ರಿಲ್ ನಡುವಿನ ಸುಮಾರಿಗೆ, ಮತ್ತೆ ಶುರುವಾಗುವುದು ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ. ತರಕಾರಿಯ ಕಾಲವೂ ಅಪ್ಪ ಅಮ್ಮಂದಿರ ಕಾಲವೂ ಹೀಗೆ ಒಂದರ ಮೇಲೊಂದು ಕೂತುಬಿಟ್ಟಿವೆ. ಕಾರು ಓಡಿಸಲು ಬಾರದ, ಮಾತಾಡಲು ಬೀದಿಯಲ್ಲಿ ಒಬ್ಬರೂ ಸಿಗದ ಊರಿನಲ್ಲಿ ಹಗಲು ಕಳೆಯುವುದೇ ದೊಡ್ಡ ಕೆಲಸ. ಅಂಥವರ ಕೈಗೆ ಒಂದು ಗುದ್ದಲಿ ಸಿಕ್ಕರೆ ಮನೆಯ ವಾತಾವರಣವೇ ಬೇರೆ. ಮೊಮ್ಮಕ್ಕಳಿಗೂ ಅಜ್ಜನಲ್ಲಿ ಕೇಳಬೇಕಾದ ಪ್ರಶ್ನೆ ಹುಟ್ಟಿಕೊಳ್ಳುತ್ತದೆ.

ಇಲ್ಲಿನ ಮಣ್ಣು ಕಂಡ ಕೂಡಲೇ ಬಯಲುಸೀಮೆಯವರ ಕಣ್ಣು ಅರಳುತ್ತದೆ, ಕೋಲಾರದ ಹೊಲದಷ್ಟೇ ಕೆಂಪು. ಕಬ್ಬಿಣದ ಅಂಶವೇ ಆ ಬಣ್ಣಕ್ಕೆ ಕಾರಣ. ಸ್ವಭಾವ ಮಾತ್ರ ಬೇರೆ. ಮಳೆ ಬಂದರೆ ಚಪ್ಪಲಿ ಬಿಡದ ಜೇಡಿ, ಬಿಸಿಲು ಬಂದರೆ ಇಟ್ಟಿಗೆ. ಹುಳಿಯೂ ಜಾಸ್ತಿ. ಜಾರ್ಜಿಯಾ ವಿಶ್ವವಿದ್ಯಾಲಯದ ವಿಸ್ತರಣಾ ಕಚೇರಿ ಕೌಂಟಿಗೊಂದು ಇದೆ. ಹಿತ್ತಿಲಿನ ನಾಲ್ಕಾರು ಕಡೆಯ ಮಣ್ಣು ಬೆರೆಸಿ ಅಲ್ಲಿಗೆ ಕೊಟ್ಟರೆ ಅಥೆನ್ಸ್ ಊರಿನ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಇಷ್ಟು ಜಾಗಕ್ಕೆ ಇಷ್ಟು ಸುಣ್ಣ ಹಾಕಿ ಎಂದು ಬರೆದು ಕಳಿಸುತ್ತಾರೆ. ಅಲ್ಪಸ್ವಲ್ಪ ಶುಲ್ಕದ ಕೆಲಸ. ನರ್ಸರಿಯಿಂದ ಚೀಲಗಟ್ಟಲೆ ಗೊಬ್ಬರ ಹೊತ್ತುಕೊಂಡು ಬರುವ ಮುಂಚೆ ಇದನ್ನು ಮಾಡಿಸುವುದು ಲೇಸು ಎಂಬುದು ನನ್ನ ಮತ. ಅಳಿಯಂದಿರು ಮಾತು ಕೇಳುವುದಿಲ್ಲ, ಅದು ಬೇರೆ ವಿಷಯ.

ಈ ಮಣ್ಣಿನಲ್ಲಿ ನಮಗಿಂತ ಮುಂಚೆ ಬೆಳೆದವರಿದ್ದರು. ಚೆರೋಕೀ ಜನ ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಹಾಕುತ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತಿತ್ತು, ಕುಂಬಳದ ಎಲೆ ನೆಲ ಮುಚ್ಚಿ ತೇವ ಕಾಯುತ್ತಿತ್ತು. ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಬಿಡುವ ನಮ್ಮ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1838ರಲ್ಲಿ ಚೆರೋಕೀಗಳನ್ನು ಇಲ್ಲಿಂದ ಒಕ್ಕಲೆಬ್ಬಿಸಿ ಪಶ್ಚಿಮಕ್ಕೆ ನಡೆಸಿದರು. 1912ರಲ್ಲಿ ಇದೇ ಕೌಂಟಿಯಿಂದ ಸಾವಿರಕ್ಕೂ ಹೆಚ್ಚು ಕಪ್ಪುಜನರನ್ನು ಬೆದರಿಸಿ ಓಡಿಸಲಾಯಿತು, ಅವರಲ್ಲಿ ಹೊಲ ಉಳ್ಳವರೂ ಇದ್ದರು. ಸೋರೆ ಚಪ್ಪರ ಹಾಕಲು ಗುಂಡಿ ತೋಡುವಾಗ ಇದೆಲ್ಲ ನೆನಪಾಗುವುದಿಲ್ಲ. ಒಮ್ಮೆ ತಿಳಿದ ಮೇಲೆ ಮರೆಯುವುದೂ ಕಷ್ಟ.

ಈಗಿನ ಕಮ್ಮಿಂಗಿನಲ್ಲಿ ಹೀರೆಕಾಯಿ, ತೊಂಡೆಕಾಯಿ, ಮೆಂತ್ಯದ ಸೊಪ್ಪು, ಫ್ರೀಜರಿನಲ್ಲಿ ಹಿತಕಿದ ಅವರೆಬೇಳೆ ಎಲ್ಲವೂ ಹತ್ತು ನಿಮಿಷದ ದೂರದ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತವೆ. ಹಾಗಿದ್ದ ಮೇಲೆ ಜಿಂಕೆ, ಮೊಲಗಳ ಜೊತೆ ಜಗಳವಾಡಿಕೊಂಡು ಬೆಳೆಯುವುದು ಯಾಕೆ? ಅಂಗಡಿಯವನಿಗೆ ಮಾರಲಾಗದ್ದೇ ನಮ್ಮ ಅಡುಗೆಯ ಅರ್ಧ ರುಚಿ, ಅದಕ್ಕೆ. ದೊಡ್ಡಪತ್ರೆ, ಒಂದೆಲಗಗಳ ತಂಬುಳಿ, ಕುಂಬಳದ ಕುಡಿಯ ಪಲ್ಯ, ಹೀರೆಕಾಯಿ ಸಿಪ್ಪೆಯ ಚಟ್ನಿ ಇವೆಲ್ಲ ಗಿಡದಿಂದ ನೇರ ಒಲೆಗೆ ಬರಬೇಕಾದವು. ದೂರದಿಂದ ಪೆಟ್ಟಿಗೆಯಲ್ಲಿ ಬಂದ ಹೀರೆಕಾಯಿಯ ಏಣು ಕಪ್ಪಾಗಿ ಸಿಪ್ಪೆ ನಾರಾಗಿರುತ್ತದೆ. ಹಿತ್ತಿಲಿನದಾದರೆ ಉಗುರು ತಾಕಿಸಿದರೆ ನೀರೊಡೆಯುತ್ತದೆ. ಚೂಪು ಏಣನ್ನಷ್ಟೇ ಹೆರೆದು ಬಿಸಾಕಿ, ಉಳಿದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗಿ ಅಂಚು ಮುದುರುವವರೆಗೆ ಬಾಡಿಸಬೇಕು. ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು ಬೇರೆಯಾಗಿ ಹುರಿದುಕೊಂಡು, ಕಾಯಿತುರಿ, ಹುಣಸೆ, ಚೂರು ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿದರೆ ಆಯಿತು. ನುಣ್ಣಗೆ ರುಬ್ಬಿದಿರೋ, ಕೆಟ್ಟಿತು.

ಹೀರೆಕಾಯಿ ಕಚ್ಚುವುದರಲ್ಲೂ ಒಂದು ತಮಾಷೆ ಇದೆ. ಅದರ ಹೂ ಅರಳುವುದು ಸಂಜೆ. ಪರಾಗ ಸಾಗಿಸುವುದು ಪತಂಗಗಳ ಪಾಳಿ, ಅವು ಬಾರದಿದ್ದರೆ ಮನುಷ್ಯರದು. ಜುಲೈ ತಿಂಗಳಲ್ಲಿ ಕತ್ತಲಾಗುವುದೇ ಒಂಬತ್ತರ ಮೇಲೆ. ಊಟ ಮುಗಿಸಿ ಟಾರ್ಚ್ ಹಿಡಿದು ಹೊರಟ ಒಬ್ಬ ಅಜ್ಜ ಗಂಡು ಹೂವೊಂದನ್ನು ಕಿತ್ತು, ದಳ ಸುಲಿದು, ಬುಡದಲ್ಲಿ ಬೆರಳುದ್ದ ಹೀಚು ಹೊತ್ತ ಹೆಣ್ಣು ಹೂವಿಗೆ ನಾಜೂಕಾಗಿ ಸವರುವುದನ್ನು ನಾನು ನೋಡಿದ್ದೇನೆ. ಪಕ್ಕದ ಮನೆಯ ಅಮೆರಿಕನ್ ಬೇಲಿಯಾಚೆ ನಿಂತು ಏನು ಕಳೆದುಹೋಯಿತು ಎಂದು ವಿಚಾರಿಸಿದ.

ಆ ನೆರೆಯವರಿಗೂ ನಮಗೂ ಅಡುಗೆಮನೆಯಲ್ಲಿ ಇರುವ ನಂಟು ನಾವಂದುಕೊಂಡದ್ದಕ್ಕಿಂತ ಗಟ್ಟಿ. ಅಲಸಂದೆ ಕಾಳು ಇಲ್ಲಿನ ದಕ್ಷಿಣದವರ ಹೊಸವರ್ಷದ ಅಡುಗೆ, ಜೊತೆಗೆ ಕೊಲಾರ್ಡ್ ಸೊಪ್ಪು. ಸೊಪ್ಪು ಬೆಂದ ನೀರನ್ನು ಚೆಲ್ಲುವುದಿಲ್ಲ. ಪಾಟ್ ಲಿಕ್ಕರ್ ಎಂದು ಕರೆದು ಮೆಕ್ಕೆಜೋಳದ ಬ್ರೆಡ್ ಅದ್ದಿ ತಿನ್ನುತ್ತಾರೆ. ಮಂಡ್ಯದ ಅಮ್ಮ ಅದೇ ಅಲಸಂದೆ, ಹಿತ್ತಿಲಿನ ದಂಟಿನ ಸೊಪ್ಪು ಬೇಯಿಸಿ, ಬಸಿದ ಕಟ್ಟಿಗೆ ಈರುಳ್ಳಿ ಬೆಳ್ಳುಳ್ಳಿ ಜೀರಿಗೆ ಮೆಣಸು ಕಾಯಿ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಇದ್ದರೆ ಮತ್ತೇನೂ ಕೇಳಬೇಡಿ. ಹಸಿ ಕಡಲೆಕಾಯಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ ರಸ್ತೆ ಬದಿ ಮಾರುವ ಅಂಗಡಿಗಳೂ ಜಾರ್ಜಿಯಾದಲ್ಲಿ ಬೇಕಾದಷ್ಟಿವೆ. ಅಮೆರಿಕದಲ್ಲಿ ಕಡಲೆಕಾಯಿ ಅತಿ ಹೆಚ್ಚು ಬೆಳೆಯುವ ರಾಜ್ಯವೇ ಇದು. ಬಸವನಗುಡಿ ಪರಿಷೆ ಕಾರ್ತಿಕದ ಕೊನೆ ಸೋಮವಾರಕ್ಕೆ ಕಾಯಬೇಕು, ಇಲ್ಲಿ ಶ್ರಾವಣ ಭಾದ್ರಪದಕ್ಕೇ ಪೊಟ್ಟಣ ಕೈಗೆ ಬರುತ್ತದೆ. ಆದರೆ ಇಲ್ಲಿನವರು ಹೆಮ್ಮೆಪಡುವ ವಿಡೇಲಿಯಾ ಈರುಳ್ಳಿಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ಗಂಧಕ ಕಡಿಮೆ ಇರುವ ಮಣ್ಣಿನಲ್ಲಿ ಬೆಳೆದ ಆ ಸಿಹಿ ಈರುಳ್ಳಿ ಮೊಸರು ಬಜ್ಜಿಗೆ ಸರಿ. ಸಾರಿಗೆ ಹಾಕಿದರೆ ಹಾಕಿದ್ದೇ ಗೊತ್ತಾಗದು.

ಕರಿಬೇವಿನ ಕಥೆ ಬೇರೆಯೇ. ಅದರ ಚಿಗುರಿಗೆ ಮುತ್ತುವ ಸಿಟ್ರಸ್ ಸಿಲ್ಲಿಡ್ ಎಂಬ ಪುಟ್ಟ ಕೀಟ ಕಿತ್ತಳೆ ನಿಂಬೆ ತೋಟಗಳಿಗೆ ಗ್ರೀನಿಂಗ್ ರೋಗ ಹರಡುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ಬೆಳೆಯನ್ನೇ ನೆಲಕಚ್ಚಿಸಿತು. ಹಾಗಾಗಿ ಕೀಟ ಇರುವ ರಾಜ್ಯಗಳಿಂದ ಕರಿಬೇವಿನ ಗಿಡ ಹೊರಗೆ ಒಯ್ಯಲು ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಫ್ಲಾರಿಡಾದ ಅಣ್ಣನ ಮನೆಯಿಂದ ಕಾರಿನ ಡಿಕ್ಕಿಯಲ್ಲಿ ಕುಂಡ ತರುತ್ತೇನೆಂದರೆ ಆಗುವುದಿಲ್ಲ. ಊರಿನೊಳಗೇ, ಬುಡದಲ್ಲಿ ಎದ್ದ ಮರಿಯನ್ನು ಬಿಡಿಸಿ ಬಾಗಿನದ ಮರ್ಯಾದೆಯಿಂದ ಕೊಡುವುದು, ಈಸಿಕೊಳ್ಳುವುದು ನಡೆದಿದೆ. ಬೀಜಕ್ಕೂ ಕಾನೂನಿದೆ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ತರಬೇಕಾದರೆ ಕೃಷಿ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು, ಪೊಟ್ಟಣವೊಂದಕ್ಕೆ 50 ಬೀಜ ಮೀರಕೂಡದು. ಸೀರೆ ಮಡಿಕೆಯ ನಡುವೆ ಬೀಜ ಬಚ್ಚಿಡುವ ಅತ್ತೆಯಂದಿರಿಗೆ ಇದನ್ನು ಹೊರಡುವ ಮುಂಚೆಯೇ ಹೇಳಿಬಿಡುವುದು ವಾಸಿ.

ಇನ್ನು ಅವರೆ. ಹಗಲು ಗಿಡ್ಡವಾಗದ ಹೊರತು ನಮ್ಮ ನಾಟಿ ಅವರೆ ಹೂ ಬಿಡುವುದಿಲ್ಲ. ಮೇ ತಿಂಗಳಲ್ಲಿ ಹಾಕಿದ ಬಳ್ಳಿ ಬೇಸಿಗೆಯಿಡೀ ಬರೀ ಎಲೆಯಾಗಿ ಬೇಲಿ ತುಂಬಿ, ಸೆಪ್ಟೆಂಬರಿನಲ್ಲಿ ಮೊಗ್ಗು ತೋರಿಸುತ್ತದೆ. ಅಮೆರಿಕನ್ನರಿಗೆ ಇದು ಅಲಂಕಾರದ ಬಳ್ಳಿ. ವರ್ಜೀನಿಯಾದಲ್ಲಿ ಅಧ್ಯಕ್ಷ ಜೆಫರ್ಸನ್ ಬಾಳಿದ ಮಾಂಟಿಸೆಲೋ ತೋಟದ ಚಪ್ಪರದ ಮೇಲೂ ನೇರಳೆ ಅವರೆ ಹಬ್ಬಿಸಿದ್ದಾರೆ. ಜೆಫರ್ಸನ್ ಅದನ್ನು ಬೆಳೆದ ದಾಖಲೆಯಿಲ್ಲ, ಅವನ ಮೆಚ್ಚಿನ ಬೀಜ ವ್ಯಾಪಾರಿ ಅದನ್ನು 1804ರಲ್ಲಿ ಮಾರುತ್ತಿದ್ದದ್ದು ಮಾತ್ರ ನಿಜ. ಹೂ ನೋಡಿ ಕಾಯಿ ಬಿಟ್ಟುಬಿಡುವ ಜನರನ್ನು ಕಂಡು ನಮ್ಮ ಅಮ್ಮಂದಿರು ಹೊಟ್ಟೆ ಉರಿದುಕೊಳ್ಳುತ್ತಾರೆ. ಅವರ ಸಂಕಟ ಇನ್ನೊಂದು ಇದೆ. ಕಾಯಿ ಬಲಿಯುವ ಹೊತ್ತಿಗೆ ಅವರ ಆರು ತಿಂಗಳು ಮುಗಿದಿರುತ್ತದೆ.

ನನಗೆ ಪರಿಚಯದ ಮನೆಯೊಂದರಲ್ಲಿ ಹೋದ ವರ್ಷ ಹಾಗೇ ಆಯಿತು. ಅಮ್ಮ ಹಾಸನಕ್ಕೆ ಹೋಗಿ ಎರಡು ವಾರಕ್ಕೆ ಫ್ರಾಸ್ಟ್ ಎಚ್ಚರಿಕೆ ಬಂತು. ಸಂಜೆ ಮಗಳು ಅಳಿಯ ಸೇರಿ ಹಸಿ ಟೊಮೆಟೊ ಅಷ್ಟನ್ನೂ ಗೊಜ್ಜಿಗೆಂದು ಕಿತ್ತರು, ದೊಡ್ಡಪತ್ರೆ, ಕರಿಬೇವಿನ ಕುಂಡ ಒಳಗಿಟ್ಟರು. ವಿಡಿಯೋ ಕರೆಯಲ್ಲಿ ಅಮ್ಮ ಮೇಲ್ವಿಚಾರಣೆಗೆ ಕೂತಿದ್ದರು.

"ಅವರೆ ಏನ್ಮಾಡಿದ್ರೇ?"

"ಬಲಿತಿದ್ದು ಬಿಡಿಸ್ಕೊಂಡ್ವಮ್ಮ. ಮಿಕ್ಕಿದ್ದು ನಾಳೆ ಬೆಳಿಗ್ಗೆಗೆ ಕರಕಲೇ."

"ಯಾಕೆ ಕರಕಲಾಗ್ಬೇಕು? ಬುಡಕ್ಕೆ ಕುಯ್ದು ಬಳ್ಳಿ ಸಮೇತ ಗರಾಜಲ್ಲಿ ನೇತುಹಾಕಿ. ಒಣಗಿದ್ರೆ ಮುಂದಿನ ಸಲಕ್ಕೆ ಬೀಜ ಆಗುತ್ತೆ."

ಅಳಿಯ ಮಾತಾಡದೆ ಕಾರಿನ ಕೀ ತೆಗೆದುಕೊಂಡರು. ಆ ತಿಂಗಳೆಲ್ಲ ಕಾರು ಹೊರಗೇ ನಿಂತಿತ್ತು.