ಒಬ್ಬರೇ ಸಮುದ್ರ ನೋಡಿ ಬನ್ನಿ

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯ ನಮ್ಮ ಸಮಾಜದವರು ಪ್ರವಾಸ ಹೊರಟರೆ ಬಸ್ ತುಂಬ ಜನ, ಜೊತೆಗೆ ಅಡಿಗೆಯವರು, ಹಾಸಿಗೆ, ಸ್ಟೋವು. ಶ್ರವಣಬೆಳಗೊಳ, ಹುಂಚ, ಮೂಡುಬಿದಿರೆ ಎಲ್ಲವನ್ನೂ ಹೀಗೆಯೇ ನೋಡಿದ್ದೇವೆ. ಅದು ಸಂತೋಷದ ಮಾತೇ. ಆದರೆ ಅರವತ್ತು ದಾಟಿದ ವ್ಯಾಪಾರಸ್ಥರು ಒಮ್ಮೆಯಾದರೂ ಒಬ್ಬರೇ ಹೊರಟು, ಗದ್ದಲವಿಲ್ಲದ ಕಡಲತೀರದ ಊರಿನಲ್ಲಿ ನಾಲ್ಕು ದಿನ ಇದ್ದು ಬರಬೇಕೆಂದು ನಮ್ಮ ಅಭಿಪ್ರಾಯ. ನಾವು ಹೀಗೆ ಹೊನ್ನಾವರಕ್ಕೆ ಹೋಗಿ ಬಂದೆವು.

ಹೊರಡುವ ಸುದ್ದಿ ಹಬ್ಬಿದೊಡನೆ ಬಜಾರಿನಲ್ಲಿ ಒಂದೇ ಪ್ರಶ್ನೆ: “ಒಬ್ರೇ ಯಾಕ ಹೊಂಟೀರಿ ಸಾವ್ಕಾರ್ರ? ಮನ್ಯಾಗ ಏನರ ಮಾತು ಬಂತೇನ್ರಿ?” ಒಬ್ಬರೇ ಹೋಗುವುದೆಂದರೆ ಜಗಳವೆಂದೇ ನಮ್ಮವರ ತಿಳುವಳಿಕೆ.

ಕಾರ್ತಿಕ ಹುಣ್ಣಿಮೆಯ ನಂತರದ ದಿನಗಳು ಇದಕ್ಕೆ ಅನುಕೂಲ. ಚಾತುರ್ಮಾಸ ಮುಗಿದಿರುತ್ತದೆ, ದೀಪಾವಳಿಯ ಖಾತೆ ಪೂಜೆ ಆಗಿರುತ್ತದೆ, ಹೊಸ ತೊಗರಿ ಇನ್ನೂ ಬಂದಿರುವುದಿಲ್ಲ. ಮಳೆಗಾಲದಲ್ಲಿ ಆ ಕಡಲು ಉಗ್ರ, ಆಗ ಹೋಗತಕ್ಕದ್ದಲ್ಲ. ತಾಂಡೂರಿನಿಂದ ರೈಲಿನಲ್ಲಿ ವಾಡಿ ಮೇಲೆ ಕಲಬುರಗಿ. ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲಾ, ಕುಮಟಾ, ಹೊನ್ನಾವರ. 1956ರವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಗೂ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಗೂ ಸೇರಿದ್ದವು. ಈಗ ನಮ್ಮ ಮಕ್ಕಳು ಓದುವುದು ತೆಲುಗು. ದಾರಿಯುದ್ದಕ್ಕೂ ಕನ್ನಡ ಬೋರ್ಡು ಓದುತ್ತ ಹೋಗುವುದೂ ನಮಗೊಂದು ಸುಖವೇ.

ಊಟದ ಚಿಂತೆ ಸಹಜ. ಅದು ಮೀನು ತಿನ್ನುವ ಸೀಮೆ. ನಾವು ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ನೀರು ಸೋಸುವ ಬಟ್ಟೆ ಒಯ್ದಿದ್ದೆವು. ಎಳನೀರು, ಬಾಳೆಹಣ್ಣು ಬೇಕಾದಷ್ಟು. ಶಾಕಾಹಾರಿ ಹೋಟೆಲಿನಲ್ಲಿ ಮೊದಲೇ ಹೇಳಿದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಅನ್ನ ಸಾರು ಮಾಡಿಕೊಟ್ಟರು. ಸಂಜೆ ಐದಕ್ಕೆ ಊಟ ಮುಗಿಸಿ ದಂಡೆಗೆ ಹೋದರೆ ಸೂರ್ಯ ಕಡಲಿಗಿಳಿಯುವುದನ್ನು ನಿಶ್ಚಿಂತೆಯಿಂದ ನೋಡಬಹುದು, ನಿಯಮವೂ ಉಳಿಯುತ್ತದೆ.

ಶರಾವತಿ ನದಿ ಅರಬ್ಬೀ ಸಮುದ್ರ ಸೇರುವುದು ಇಲ್ಲಿಯೇ. ನದಿಯ ಮೇಲಿನ ಕೊಂಕಣ ರೈಲ್ವೆಯ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಆಚೆ ದಡದ ಕಾಸರಕೋಡು ತೀರಕ್ಕೆ ಸ್ವಚ್ಛತೆಗಾಗಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆಯಿತು. ಗಾಳಿಮರಗಳ ನೆರಳು, ಉದ್ದನೆಯ ಮರಳು.

ನದಿಯ ಮೇಲ್ಭಾಗದಲ್ಲಿರುವ ಗೇರುಸೊಪ್ಪೆಯನ್ನು ನಮ್ಮವರು ತಪ್ಪದೆ ನೋಡಬೇಕು. 16ನೇ ಶತಮಾನದಲ್ಲಿ ಅಲ್ಲಿ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಆ ಸೀಮೆಯ ಮೆಣಸು ಹಡಗೇರಿ ಪರದೇಶಕ್ಕೆ ಹೋಗುತ್ತಿತ್ತು. ಇಂದು ಪೇಟೆಯಿಲ್ಲ, ಗದ್ದಲವಿಲ್ಲ. ಕಾಡಿನ ನಡುವೆ ಚತುರ್ಮುಖ ಬಸದಿ ಮಾತ್ರ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಅಷ್ಟು ದೊಡ್ಡ ವ್ಯಾಪಾರವೂ ಕೈಬಿಟ್ಟು ಹೋಯಿತೆಂಬುದನ್ನು ಅಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಜೊತೆಗೆ ಹತ್ತು ಜನರಿದ್ದರೆ ಬಸ್ಸಿನ ಹೊತ್ತು ನೋಡುತ್ತಿದ್ದೆವು. ಒಬ್ಬರೇ ಇದ್ದುದರಿಂದ ಒಂದು ತಾಸು ಸುಮ್ಮನೆ ಕುಳಿತೆವು.

ನಮ್ಮಲ್ಲಿ ಹಿರಿಯರು ಅಂಗಡಿಯನ್ನು ಮಗನಿಗೆ ವಹಿಸಿದೆವೆನ್ನುತ್ತಾರೆ, ಗಾದಿ ಬಿಡುವುದಿಲ್ಲ. ನಾವೊಂದು ಕಟ್ಟಳೆ ಹಾಕಿಕೊಂಡಿದ್ದೆವು: ದಿನಕ್ಕೊಂದೇ ಫೋನು, ಆರೋಗ್ಯ ಮಾತ್ರ ಕೇಳುವುದು, ದರ ಕೇಳಕೂಡದು. ಮೂರನೆಯ ದಿನ ಮಗನೇ ಹೇಳಿದ: “ಅಪ್ಪಾಜಿ, ಐವತ್ತು ಚೀಲ ಹಳೆ ತೊಗರಿ ಹಿಡಿದೀನಿ.” “ಆಗಲಿ” ಎಂದಷ್ಟೇ ಅಂದೆವು. ಆ ರಾತ್ರಿ ನಿದ್ದೆ ಸ್ವಲ್ಪ ತಡವಾಗಿ ಬಂತೆಂಬುದು ನಿಜ. ಊರಿಗೆ ಬಂದು ನೋಡಿದರೆ ಗುಮಾಸ್ತನೂ ಹಮಾಲರೂ ಮಾತು ಕೇಳಲು ನಮ್ಮ ಕಡೆ ನೋಡದೆ ಮಗನ ಕಡೆ ನೋಡುತ್ತಿದ್ದರು. ಮನಸ್ಸಿಗೆ ಒಂದು ಗಳಿಗೆ ಹೇಗೋ ಆಯಿತು, ಆಮೇಲೆ ಹಗುರವಾಯಿತು.

ಆದುದರಿಂದ ಹಿರಿಯ ಬಂಧುಗಳಲ್ಲಿ ವಿನಂತಿ: ಔಷಧಿ, ಗುರುತಿನ ಚೀಟಿ, ಮನೆಯ ಫೋನ್ ನಂಬರು ಬರೆದ ಕಾಗದ ಕಿಸೆಯಲ್ಲಿಟ್ಟುಕೊಳ್ಳಿ, ನೀರಿಗೆ ಮೊಣಕಾಲಿಗಿಂತ ಆಳ ಇಳಿಯಬೇಡಿ, ಧೈರ್ಯವಾಗಿ ಹೊರಡಿ. ಮಕ್ಕಳು ಸೊಸೆಯಂದಿರು ಅವರನ್ನು ತಡೆಯದೆ ಬುತ್ತಿ ಕಟ್ಟಿ ಕಳಿಸಬೇಕು.