ಮೊಳೆತ ಕಾಳಿನ ಹಸಿ ಉಪಾಹಾರ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮನೆಗಳಿಗೆ ಮೊಳಕೆಯ ಕಾಳು ಹೊಸ ಪದಾರ್ಥವೇನೂ ಅಲ್ಲ. ಮಡಿಕೆಯ ಕಾಳನ್ನು ನೆನೆಯಿಸಿ, ಅರಿವೆಯಲ್ಲಿ ಕಟ್ಟಿಟ್ಟು, ಮೊಳಕೆ ಒಡೆದ ಮೇಲೆ ಉಸಳಿ ಮಾಡಿ ಜೋಳದ ರೊಟ್ಟಿಯೊಡನೆ ಉಣ್ಣುವುದು ಹಿಂದಿನಿಂದಲೂ ನಡೆದುಬಂದ ರೂಢಿ. ಇಂದು ಪೇಟೆಯಲ್ಲಿ ಬಣ್ಣದ ಪೆಟ್ಟಿಗೆಗಳಲ್ಲಿ ಮಾರುವ ಧಾನ್ಯದ ತಿನಿಸುಗಳಿಗೆ ಮಕ್ಕಳ ಮನಸ್ಸು ಒಲಿಯುತ್ತಿರುವುದನ್ನು ಕಂಡು, ಅದೇ ಹಳೆಯ ರೂಢಿಯನ್ನು ತುಸು ಮುಂದುವರಿಸಿ, ಒಲೆ ಹೊತ್ತಿಸದೆ ಮನೆಯಲ್ಲಿಯೇ ಸಿದ್ಧಪಡಿಸಬಹುದಾದ ಉಪಾಹಾರವೊಂದನ್ನು ಇಲ್ಲಿ ವಿವರಿಸುತ್ತೇವೆ. ಆದರೆ ಮೊದಲಿಗೇ ಒಂದು ಮಾತು: ಎಲ್ಲ ಕಾಳುಗಳೂ ಮೊಳೆಯಿಸಿ ಹಸಿಯಾಗಿ ತಿನ್ನತಕ್ಕವಲ್ಲ. ನಮ್ಮ ಮುಖ್ಯ ಧಾನ್ಯವಾದ ಜೋಳವಂತೂ ಸರ್ವಥಾ ಅಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಬೇಯಿಸದ ಧಾನ್ಯದ ಉಪಾಹಾರಕ್ಕೆ ಹೆಸರು ತಂದವನು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವೈದ್ಯ ಬಿರ್ಖರ್-ಬೆನ್ನರ್ (1867–1939). 1900ರ ಸುಮಾರಿನಲ್ಲಿ ಅವನು ನೆನೆದ ಓಟ್ಸಿಗೆ ತುರಿದ ಸೇಬು, ನಿಂಬೆಯ ರಸ, ಬೀಜಗಳ ಪುಡಿ ಬೆರೆಸಿ ತನ್ನ ರೋಗಿಗಳಿಗೆ ಕೊಡುತ್ತಿದ್ದನು. ಇಂದು ‘ಮ್ಯೂಸ್ಲಿ’ ಎಂದು ಮಾರಾಟವಾಗುವುದು ಅದರ ಸಂತತಿಯೇ. ನಮಗೆ ಓಟ್ಸ್ ಬೇಕಿಲ್ಲ. ಗೋಧಿ, ಹೆಸರು, ಶೇಂಗಾ, ಎಳ್ಳು ಸಾಕು.

ಒಣಗಿದ ಕಾಳು ಸತ್ತ ವಸ್ತುವಲ್ಲ, ನಿದ್ರಿಸುತ್ತಿರುವ ಸಸಿ. ನೀರು ಕುಡಿದೊಡನೆ ಅದರೊಳಗಿನ ಅಂಕುರವು ಎಚ್ಚತ್ತು, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುವ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ಮೊಳೆತ ಗೋಧಿಯನ್ನು ಅಗಿದರೆ ಸಿಹಿಯಾಗುವುದು ಇದರಿಂದಲೇ. ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ಕಾಣಬಹುದು. ಎರಡು ಬಟ್ಟಲುಗಳಲ್ಲಿ ಗಟ್ಟಿಯಾದ ಗೋಧಿಹಿಟ್ಟಿನ ಗಂಜಿ ತೆಗೆದುಕೊಂಡು, ಬೆರಳು ತಾಳುವಷ್ಟು ಬಿಸಿ ಇರುವಾಗ ಒಂದಕ್ಕೆ ಮಾತ್ರ ಮೊಳೆತು ಒಣಗಿದ ಗೋಧಿಯ ಹಿಟ್ಟನ್ನು ಒಂದು ಚಮಚ ಕಲಸಿರಿ. ಸ್ವಲ್ಪ ಹೊತ್ತಿನಲ್ಲಿ ಆ ಬಟ್ಟಲಿನ ಗಂಜಿ ನೀರಾಗುತ್ತದೆ, ಇನ್ನೊಂದು ಹಾಗೆಯೇ ಉಳಿಯುತ್ತದೆ.

ಇದಲ್ಲದೆ ಕಾಳಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತು ಮುಂತಾದ ಖನಿಜಗಳನ್ನು ಹಿಡಿದಿಟ್ಟು ನಮ್ಮ ದೇಹಕ್ಕೆ ದೊರೆಯದಂತೆ ಮಾಡುತ್ತದೆ. ಮೊಳೆಯುವಾಗ ಅದು ಕಡಮೆಯಾಗುತ್ತದೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾದ ‘ಸಿ’ ಜೀವಸತ್ವವೂ ಮೊಳಕೆಯಲ್ಲಿ ಹುಟ್ಟುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿಯೂ ಆಕೆಯ ಸಂಗಡಿಗರೂ ಲಂಡನ್ನಿನಲ್ಲಿ ಪ್ರಯೋಗ ಮಾಡಿ, ಒಣಕಾಳಿಗಿಲ್ಲದ ಸ್ಕರ್ವಿ ರೋಗ ತಡೆಯುವ ಗುಣವು ಮೊಳೆತ ಕಾಳಿಗೆ ಉಂಟೆಂದು ತೋರಿಸಿದರು. ಆದರೆ ಮೊಳೆಯಿಸಿದರೆ ಪ್ರೋಟೀನು ಇಮ್ಮಡಿಯಾಗುತ್ತದೆಂಬ ಮಾತನ್ನು ನಂಬಬೇಕಾಗಿಲ್ಲ. ತೂಕ ಹೆಚ್ಚುವುದು ನೀರಿನಿಂದ.

ನಾಲ್ವರಿಗೆ ಗೋಧಿ 100 ಗ್ರಾಂ, ಹೆಸರು 50 ಗ್ರಾಂ, ಶೇಂಗಾ 50 ಗ್ರಾಂ, ಎಳ್ಳು ಎರಡು ಚಮಚ, ದೊರೆತರೆ ಸಿಪ್ಪೆ ತೆಗೆದ ಸೂರ್ಯಕಾಂತಿಯ ಬೀಜ ಎರಡು ಚಮಚ ಬೇಕು. ಗೋಧಿಯನ್ನೂ ಹೆಸರನ್ನೂ ಆರಿಸಿ, ನಾಲ್ಕಾರು ಸಲ ತೊಳೆದು, ಕುಡಿಯುವ ನೀರಿನಲ್ಲಿ ಬೇರೆಬೇರೆಯಾಗಿ ರಾತ್ರಿಯೆಲ್ಲ ನೆನೆಯಿಡಬೇಕು. ಬೆಳಿಗ್ಗೆ ನೀರು ಬಸಿದು, ಕುದಿಸಿ ಒಣಗಿಸಿದ ತೆಳುವಾದ ಬಿಳಿಯ ಅರಿವೆಯಲ್ಲಿ ಸಡಿಲವಾಗಿ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕತಕ್ಕದ್ದು. ದಿನಕ್ಕೆ ಮೂರು ಸಲ ತೊಳೆಯುವುದನ್ನು ಮರೆಯಲಾಗದು. ನಮ್ಮ ಕಡೆಯ ಬೇಸಗೆಯಲ್ಲಿ ನಾಲ್ಕು ಸಲವಾದರೂ ಹೆಚ್ಚಲ್ಲ. ಹೆಸರು ಒಂದು ದಿನದಲ್ಲಿ ಸಿದ್ಧವಾಗುತ್ತದೆ, ಗೋಧಿ ಇನ್ನೊಂದಿಷ್ಟು ಹೊತ್ತು ಬೇಡುತ್ತದೆ. ಮೊಳಕೆ ಕಾಳಿನಷ್ಟೇ ಉದ್ದವಾದರೆ ಸಾಕು, ಹೆಚ್ಚು ಬೆಳೆದರೆ ಕಹಿ. ಶೇಂಗಾವನ್ನು ಹಿಂದಿನ ರಾತ್ರಿ ನೆನೆಯಿಟ್ಟರಾಯಿತು. ಬೂಷ್ಟು ಹಿಡಿದ, ಸುಕ್ಕಿದ ಬೀಜಗಳನ್ನು ನಿರ್ದಾಕ್ಷಿಣ್ಯವಾಗಿ ಎಸೆಯಬೇಕು, ಏಕೆಂದರೆ ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು.

ಗೋಧಿಯನ್ನೂ ಶೇಂಗಾವನ್ನೂ ಒರಳಿನಲ್ಲಿ ತರಿತರಿಯಾಗಿ ಕುಟ್ಟಿ, ಹೆಸರು, ಎಳ್ಳು, ಬೀಜಗಳನ್ನು ಕೂಡಿಸಿ, ಮೊಸರು ಅಥವಾ ಕಾಯಿಸಿ ಆರಿಸಿದ ಹಾಲು, ಬೆಲ್ಲದ ಪುಡಿ, ಬಾಳೆಹಣ್ಣು ಬೆರೆಸಿದರೆ ಉಪಾಹಾರ ಸಿದ್ಧ. ದಾಳಿಂಬೆಯ ಕಾಲದಲ್ಲಿ ಒಂದು ಹಿಡಿ ಕಾಳು ಮೇಲೆ ಉದುರಿಸುವುದು ನಮಗೆ ಪ್ರಿಯ. ಕಲಸಿದ್ದನ್ನು ಆಗಲೇ ತಿನ್ನಬೇಕು.

ಇನ್ನು ಜೋಳದ ಮಾತು. ಎಳೆಯ ಜೋಳದ ಪೈರನ್ನು ಮೇಯ್ದ ದನಗಳು ಸಾಯುವುದುಂಟೆಂದು ಒಕ್ಕಲಿಗರೆಲ್ಲರೂ ಬಲ್ಲರು. ಆ ಪೈರಿನಲ್ಲಿರುವ ಧುರ್ರಿನ್ ಎಂಬ ದ್ರವ್ಯದಿಂದ ಹೈಡ್ರೋಸಯನಿಕ್ ಆಮ್ಲವೆಂಬ ತೀವ್ರ ವಿಷ ಹೊರಡುತ್ತದೆ. ಒಣಜೋಳದಲ್ಲಿ ಅದು ಗಣನೆಗೆ ಬಾರದಷ್ಟು, ಆದುದರಿಂದ ನಮ್ಮ ರೊಟ್ಟಿಗೆ ಭಯವಿಲ್ಲ; ಆದರೆ ಕಾಳು ಮೊಳೆತೊಡನೆ ಮೊಳಕೆಯಲ್ಲಿ ಅದು ತುಂಬತೊಡಗುತ್ತದೆ. ಬಿಸಿಲಿನಲ್ಲಿ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ. ‘ಮೊಳಕೆ ಒಳ್ಳೆಯದು’ ಎಂಬ ಮಾತನ್ನಷ್ಟೇ ಕೇಳಿ, ಮನೆಯಲ್ಲಿ ಧಾರಾಳವಾಗಿರುವ ಜೋಳವನ್ನೇ ಮೊಳೆಯಿಸಿ ಮಗುವಿನ ಕೈಗೆ ಕೊಡುವ ತಾಯಿ ಇರಬಹುದೆಂಬ ಅಂಜಿಕೆಯಿಂದಲೇ ಇದನ್ನು ಬಿಡಿಸಿ ಬರೆದಿದ್ದೇವೆ. ರಾಜಮಾವೂ ಹಸಿಯಾಗಿ ತಿನ್ನಲು ಯೋಗ್ಯವಲ್ಲ. ಬಿತ್ತನೆಗಾಗಿ ಔಷಧ ಸವರಿ ಬಣ್ಣ ಹಾಕಿದ ಬೀಜವನ್ನು ಅಡುಗೆಮನೆಯೊಳಕ್ಕೆ ತರಲೇಬಾರದು.

ಒದ್ದೆಯೂ ಬೆಚ್ಚಗೂ ಇರುವ ಗಂಟಿನಲ್ಲಿ ಮೊಳಕೆಯೊಡನೆ ರೋಗಾಣುಗಳೂ ಬೆಳೆಯುತ್ತವೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿತೆಂದು ಗೊತ್ತಾದ ಬೇನೆಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಅಂಟು ಬಂದರೆ, ಹುಳಿವಾಸನೆ ತೋರಿದರೆ ಗಂಟನ್ನು ಪೂರ್ತಿ ಚೆಲ್ಲಬೇಕು. ಆದರೆ ವಾಸನೆಯಿಲ್ಲದ ಮಾತ್ರಕ್ಕೆ ರೋಗಾಣುವಿಲ್ಲವೆಂದು ತಿಳಿಯಬಾರದು. ಆದಕಾರಣ ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ಕಾಯಿಲೆಯಿಂದ ಸೊರಗಿದವರು ಇದನ್ನು ಹಸಿಯಾಗಿ ತಿನ್ನದೆ, ಮೊಳೆತ ಕಾಳನ್ನು ಚೆನ್ನಾಗಿ ಬೇಯಿಸಿಕೊಳ್ಳಬೇಕು. ‘ಸಿ’ ಜೀವಸತ್ವ ತುಸು ನಷ್ಟವಾದರೂ ಉಳಿದ ಗುಣ ಬಹುಮಟ್ಟಿಗೆ ಉಳಿಯುತ್ತದೆ. ಮೇಲೆ ಹಿಂಡಿದ ಅರ್ಧ ನಿಂಬೆಹಣ್ಣು ಆ ನಷ್ಟವನ್ನೂ ತುಂಬುತ್ತದೆ. ಬೆಳಿಗ್ಗೆ ಕಲಸದೆ ಉಳಿದ ಹೆಸರನ್ನು ಸಾಯಂಕಾಲದವರೆಗೆ ಹೊರಗಿಡದೆ, ಮಧ್ಯಾಹ್ನದ ಉಸಳಿಗೆ ಬಳಸಿಕೊಳ್ಳಬಹುದು.